ಲಿನಕ್ಸ್‌ನಲ್ಲಿ ವೈಫೈ ತಾನಾಗಿಯೇ ಸೇರಿಕೊಳ್ಳಲಿ

ಕರೆಂಟು ಹೋಗಿ ಬರುತ್ತದೆ. ರೂಟರ್‌ನ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ಮನೆಯವರ ಮೊಬೈಲುಗಳೆಲ್ಲ ತಮ್ಮಷ್ಟಕ್ಕೆ ತಾವೇ ವೈಫೈ ಹಿಡಿಯುತ್ತವೆ. ಮೇಜಿನ ಮೇಲಿನ ಲಿನಕ್ಸ್ ಕಂಪ್ಯೂಟರ್ ಮಾತ್ರ ಪಾಸ್‌ವರ್ಡ್ ಕೇಳುತ್ತ ನಿಲ್ಲುತ್ತದೆ, ಇಲ್ಲವೇ ಏನನ್ನೂ ಕೇಳದೆ ಸುಮ್ಮನಿರುತ್ತದೆ. ದಿನವೂ ಪರದೆಯ ಮೂಲೆಯ ಚಿಹ್ನೆ ಒತ್ತಿ, ಪಟ್ಟಿಯಿಂದ ಹೆಸರು ಆರಿಸಿ, ಸಂಪರ್ಕಕ್ಕಾಗಿ ಕಾಯುವುದು ಎಷ್ಟೋ ಜನರಿಗೆ ರೂಢಿಯೇ ಆಗಿಬಿಟ್ಟಿದೆ. ಲಿನಕ್ಸ್ ಅಂದರೆ ಹೀಗೇ ಎಂದು ಒಪ್ಪಿಕೊಂಡವರೂ ಇದ್ದಾರೆ.

ಒಪ್ಪಿಕೊಳ್ಳಬೇಕಾಗಿಲ್ಲ. ಉಬುಂಟು, ಲಿನಕ್ಸ್ ಮಿಂಟ್, ಫೆಡೋರಾ, ಡೆಬಿಯನ್ ಯಾವುದೇ ಇರಲಿ, ಕಂಪ್ಯೂಟರ್ ಆನ್ ಆದ ಕೂಡಲೇ, ಯಾರೂ ಲಾಗಿನ್ ಆಗುವ ಮೊದಲೇ ವೈಫೈ ಸೇರುವ ಸಾಮರ್ಥ್ಯ ಅದರಲ್ಲಿದೆ. ಆಗದಿದ್ದರೆ ಕಾರಣ ಹೆಚ್ಚಿನ ಸಂದರ್ಭಗಳಲ್ಲಿ ಎರಡು ಪ್ರಶ್ನೆಗಳ ಸುತ್ತ ಸಿಗುತ್ತದೆ: ಈ ಸಂಪರ್ಕ ಯಾರ ಹೆಸರಿನಲ್ಲಿದೆ? ಅದರ ಪಾಸ್‌ವರ್ಡ್ ಎಲ್ಲಿ ಇಡಲಾಗಿದೆ? ಇವೆರಡನ್ನು ತಿಳಿದುಕೊಂಡರೆ ಮುಕ್ಕಾಲು ಪಾಲು ತೊಂದರೆಯನ್ನು ಯಾರ ಸಹಾಯವೂ ಇಲ್ಲದೆ ಸರಿಪಡಿಸಿಕೊಳ್ಳಬಹುದು.

ಒಂದು ಸೂಚನೆ. ಟರ್ಮಿನಲ್‌ನಲ್ಲಿ ಕೊಡಬೇಕಾದ ಕೆಲವು ಆದೇಶಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷ್ ಕಾಗುಣಿತದಲ್ಲಿ, ಸಣ್ಣಕ್ಷರಗಳಲ್ಲಿ ಬರೆಯಬೇಕು. ‘ಮನೆ’ ಎಂದಿರುವಲ್ಲಿ ನಿಮ್ಮ ವೈಫೈ ಸಂಪರ್ಕದ ಹೆಸರು ಹಾಕಿಕೊಳ್ಳಿ. ಹೆಸರಿನ ನಡುವೆ ಖಾಲಿ ಜಾಗವಿದ್ದರೆ ಉದ್ಧರಣ ಚಿಹ್ನೆಯೊಳಗೆ ಕೊಡಿ.

ತೆರೆಯ ಹಿಂದೆ ನಡೆಯುವ ಕೆಲಸ

ಇಂದಿನ ಬಹುತೇಕ ಲಿನಕ್ಸ್ ಡೆಸ್ಕ್‌ಟಾಪ್‌ಗಳಲ್ಲಿ ಈ ಹೊಣೆ ಹೊತ್ತಿರುವುದು ನೆಟ್‌ವರ್ಕ್‌ಮ್ಯಾನೇಜರ್ ಎಂಬ ತಂತ್ರಾಂಶ. ರೆಡ್ ಹ್ಯಾಟ್ ಕಂಪನಿ 2004ರಲ್ಲಿ ಇದನ್ನು ಆರಂಭಿಸಿತು. ಕಂಪ್ಯೂಟರ್ ಆನ್ ಆಗುವಾಗಲೇ ಹಿನ್ನೆಲೆ ಸೇವೆಯಾಗಿ ಇದೂ ಎಚ್ಚರಗೊಳ್ಳುತ್ತದೆ. ಸುತ್ತಲಿನ ವೈಫೈಗಳನ್ನು ಹುಡುಕಿ, ತನ್ನ ಬಳಿ ಈಗಾಗಲೇ ವಿವರ ಇರುವ ಜಾಲ ಸಿಕ್ಕರೆ ಅದಕ್ಕೆ ಸೇರಲು ಯತ್ನಿಸುತ್ತದೆ. ಪಾಸ್‌ವರ್ಡ್ ಪರಿಶೀಲನೆಯ ಮಾತುಕತೆಯನ್ನು ಡಬ್ಲ್ಯೂಪಿಎ ಸಪ್ಲಿಕೆಂಟ್ ಎಂಬ ಇನ್ನೊಂದು ತಂತ್ರಾಂಶ ನಡೆಸುತ್ತದೆ. ಅದು ಮುಗಿದ ಮೇಲೆ ರೂಟರ್ ಒಂದು ಐಪಿ ವಿಳಾಸ ಕೊಡುತ್ತದೆ. ಅಲ್ಲಿಗೆ ಸಂಪರ್ಕ ಪೂರ್ಣವಾಯಿತು.

ನೀವು ಒಮ್ಮೆ ಸೇರಿದ ಪ್ರತಿಯೊಂದು ವೈಫೈಗೂ ನೆಟ್‌ವರ್ಕ್‌ಮ್ಯಾನೇಜರ್ ಒಂದು ಪ್ರೊಫೈಲ್ ಬರೆದಿಡುತ್ತದೆ. ಜಾಲದ ಹೆಸರು, ಭದ್ರತೆಯ ಬಗೆ, ತಾನಾಗಿ ಸೇರಬೇಕೇ ಬೇಡವೇ, ಯಾವ ಬಳಕೆದಾರರಿಗೆ ಇದು ಸಲ್ಲುತ್ತದೆ ಎಂಬುದೆಲ್ಲ ಆ ಪ್ರೊಫೈಲ್‌ನಲ್ಲಿರುತ್ತದೆ. ಇಟಿಸಿ ಫೋಲ್ಡರ್‌ನೊಳಗೆ ನೆಟ್‌ವರ್ಕ್‌ಮ್ಯಾನೇಜರ್ ಹೆಸರಿನ ಫೋಲ್ಡರ್, ಅದರೊಳಗೆ ಸಿಸ್ಟಮ್-ಕನೆಕ್ಷನ್ಸ್ ಎಂಬ ಫೋಲ್ಡರ್ ಇದೆ. ಈ ಕಡತಗಳು ಸಾಮಾನ್ಯವಾಗಿ ಅಲ್ಲಿರುತ್ತವೆ. ಉಬುಂಟು 23.10ರಿಂದ ಈಚೆಗೆ ಅವು ಇಟಿಸಿಯಲ್ಲಿರುವ ನೆಟ್‌ಪ್ಲಾನ್ ಫೋಲ್ಡರ್‌ಗೆ ಹೋಗಿವೆ. ಕಡತಗಳನ್ನು ಕೈಯಾರೆ ತಿದ್ದುವ ಅಗತ್ಯ ಬರುವುದು ಅಪರೂಪ. ನಾವು ಮಾಡುವ ಎಲ್ಲ ಬದಲಾವಣೆಯೂ ಕೊನೆಗೆ ಹೋಗಿ ಸೇರುವುದು ಇಲ್ಲಿಗೆ ಎಂದು ತಿಳಿದಿದ್ದರೆ ಸಾಕು.

ಮೊದಲು ಯಂತ್ರಾಂಶ ಸರಿಯಿದೆಯೇ ನೋಡಿ

ಪಟ್ಟಿಯಲ್ಲಿ ಒಂದೂ ವೈಫೈ ಹೆಸರು ಕಾಣದಿದ್ದರೆ ಸೆಟ್ಟಿಂಗ್ಸ್ ತಡಕಾಡುವುದರಿಂದ ಪ್ರಯೋಜನವಿಲ್ಲ. ತೊಂದರೆ ಅದಕ್ಕಿಂತ ಕೆಳಗಿನ ಹಂತದಲ್ಲಿದೆ.

ಟರ್ಮಿನಲ್ ತೆರೆದು ‘ಆರ್‌ಎಫ್‌ಕಿಲ್ ಲಿಸ್ಟ್’ ಎಂಬ ಆದೇಶ ಕೊಡಿ. ವೈಫೈ ಸಾಲಿನ ಕೆಳಗೆ ಸಾಫ್ಟ್ ಬ್ಲಾಕ್ಡ್, ಹಾರ್ಡ್ ಬ್ಲಾಕ್ಡ್ ಎಂಬ ಎರಡು ವಿವರಗಳಿರುತ್ತವೆ. ಸಾಫ್ಟ್ ಬ್ಲಾಕ್ ‘ಯೆಸ್’ ಎಂದಿದ್ದರೆ ‘ಸುಡೊ ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ’ ಎಂದು ಕೊಟ್ಟು ತೆಗೆಯಬಹುದು. ಹಾರ್ಡ್ ಬ್ಲಾಕ್ ಇದ್ದರೆ ಲ್ಯಾಪ್‌ಟಾಪ್‌ನ ಬದಿಯ ಸ್ವಿಚ್ಚನ್ನೋ ಕೀಬೋರ್ಡ್‌ನ ವಿಮಾನದ ಚಿತ್ರವಿರುವ ಕೀಲಿಯನ್ನೋ ಒತ್ತಬೇಕು. ಮೆನುವಿನಿಂದ ವೈಫೈ ಆಫ್ ಮಾಡಿದ್ದರೆ ಆ ಸ್ಥಿತಿಯನ್ನೂ ನೆಟ್‌ವರ್ಕ್‌ಮ್ಯಾನೇಜರ್ ನೆನಪಿಟ್ಟುಕೊಳ್ಳುತ್ತದೆ. ಕಂಪ್ಯೂಟರನ್ನು ಮತ್ತೆ ಆನ್ ಮಾಡಿದರೂ ವೈಫೈ ಆಫ್ ಆಗಿಯೇ ಉಳಿಯುತ್ತದೆ. ಮಕ್ಕಳು ಏರೋಪ್ಲೇನ್ ಮೋಡ್ ಒತ್ತಿಟ್ಟ ಕಂಪ್ಯೂಟರ್ ಮರುದಿನವೂ ನೆಟ್ ಹಿಡಿಯದಿರುವುದು ಇದೇ ಕಾರಣಕ್ಕೆ.

ಡೆಸ್ಕ್‌ಟಾಪ್ ಕಂಪ್ಯೂಟರ್‌ಗಳ ಕಥೆ ಸ್ವಲ್ಪ ಬೇರೆ. ಎಷ್ಟೋ ಯಂತ್ರಗಳಲ್ಲಿ ವೈಫೈ ಇರುವುದೇ ಇಲ್ಲ, ಚಿಕ್ಕ ಯುಎಸ್‌ಬಿ ಡಾಂಗಲ್ ಕೊಂಡು ಚುಚ್ಚಬೇಕು. ಕೆಲವು ಡಾಂಗಲ್‌ಗಳು ಮೊದಲಿಗೆ ವೈಫೈ ಸಾಧನವಾಗಿ ಕಾಣಿಸಿಕೊಳ್ಳದೆ ಸಿಡಿ ಡ್ರೈವ್‌ನ ವೇಷದಲ್ಲಿ ಬರುತ್ತವೆ. ವಿಂಡೋಸ್‌ಗೆ ಬೇಕಾದ ಡ್ರೈವರ್ ಆ ಡ್ರೈವ್‌ನಲ್ಲಿರುತ್ತದೆ. ಲಿನಕ್ಸ್‌ನಲ್ಲಿ ಆ ಡ್ರೈವನ್ನು ಇಜೆಕ್ಟ್ ಮಾಡಿದರೆ ಸಾಧನ ತನ್ನ ನಿಜರೂಪಕ್ಕೆ ಬರುತ್ತದೆ. ಇದನ್ನು ಪ್ರತಿಸಲ ತಾನಾಗಿ ಮಾಡಿಸಲು ಯುಎಸ್‌ಬಿ-ಮೋಡ್‌ಸ್ವಿಚ್ ಎಂಬ ಪ್ಯಾಕೇಜ್ ಇದೆ.

ಡ್ರೈವರ್ ವಿಚಾರದಲ್ಲಿ ಇಂಟೆಲ್ ಕಾರ್ಡುಗಳಿಗೆ ಚಿಂತೆ ಕಡಿಮೆ, ಅವುಗಳ ಡ್ರೈವರ್ ಲಿನಕ್ಸ್ ಕರ್ನಲ್‌ನೊಳಗೇ ಇದೆ. ರಿಯಲ್‌ಟೆಕ್‌ನ ಹಲವು ಯುಎಸ್‌ಬಿ ಚಿಪ್‌ಗಳಿಗೆ ಕರ್ನಲ್ 6.2ರಿಂದ ಒಳಗಿನ ಬೆಂಬಲ ಬಂದಿದೆ. ಹಳೆಯ ಕರ್ನಲ್ ಇಟ್ಟುಕೊಂಡು ಹೊರಗಿನ ಡ್ರೈವರ್ ಹುಡುಕುವುದಕ್ಕಿಂತ ಹೊಸ ಆವೃತ್ತಿಗೆ ಹೋಗುವುದು ಲೇಸು. ಬ್ರಾಡ್‌ಕಾಮ್ ಕಾರ್ಡ್ ಇರುವ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಉಬುಂಟುವಿನ ‘ಅಡಿಷನಲ್ ಡ್ರೈವರ್ಸ್’ ಅಥವಾ ಮಿಂಟ್‌ನ ‘ಡ್ರೈವರ್ ಮ್ಯಾನೇಜರ್’ ತೆರೆದರೆ ಬೇಕಾದ ಡ್ರೈವರ್ ತೋರಿಸುತ್ತದೆ. ಡೆಬಿಯನ್‌ನಲ್ಲಿ ಮೊದಲೆಲ್ಲ ಫರ್ಮ್‌ವೇರನ್ನು ಬೇರೆಯಾಗಿ ಹುಡುಕಿ ತರಬೇಕಿತ್ತು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಅಧಿಕೃತ ಇನ್‌ಸ್ಟಾಲರ್‌ನಲ್ಲೇ ಅದು ಸೇರಿದೆ.

ಡ್ರೈವರ್ ಇಳಿಸಿಕೊಳ್ಳಲು ನೆಟ್ ಬೇಕು, ನೆಟ್ ಬರಲು ಡ್ರೈವರ್ ಬೇಕು ಎಂಬ ಇಕ್ಕಟ್ಟಿಗೆ ಮೊಬೈಲ್ ಫೋನೇ ದಾರಿ. ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್‌ನಿಂದ ಕಂಪ್ಯೂಟರ್‌ಗೆ ಜೋಡಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್ ಅದನ್ನು ತಂತಿ ಸಂಪರ್ಕವೆಂದೇ ಗುರುತಿಸುತ್ತದೆ, ಹೊಸ ಡ್ರೈವರ್ ಏನೂ ಬೇಡ.

ಮೂಲ ಹೊಂದಿಕೆ: ಎರಡು ಟಿಕ್ ಗುರುತು

ಉಬುಂಟು ಮತ್ತು ಫೆಡೋರಾದ ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಸೆಟ್ಟಿಂಗ್ಸ್ ತೆರೆದು ವೈಫೈ ವಿಭಾಗಕ್ಕೆ ಹೋಗಿ. ನಿಮ್ಮ ಜಾಲದ ಹೆಸರಿನ ಪಕ್ಕದಲ್ಲಿರುವ ಹಲ್ಲುಚಕ್ರದ ಚಿಹ್ನೆಯನ್ನು ಒತ್ತಿ. ‘ಡೀಟೇಲ್ಸ್’ ಪುಟದಲ್ಲಿ ‘ಕನೆಕ್ಟ್ ಆಟೊಮ್ಯಾಟಿಕಲಿ’ ಎಂಬುದಕ್ಕೆ ಟಿಕ್ ಇರಲಿ. ಅದರ ಜೊತೆಗಿರುವ ‘ಮೇಕ್ ಅವೈಲಬಲ್ ಟು ಅದರ್ ಯೂಸರ್ಸ್’ ಎಂಬುದಕ್ಕೂ ಟಿಕ್ ಇರಲಿ. ‘ಅಪ್ಲೈ’ ಒತ್ತಿ.

ಮಿಂಟ್, ಎಕ್ಸ್‌ಎಫ್‌ಸಿಇ, ಮಾಟೆ ಬಳಸುವವರು ಪ್ಯಾನೆಲ್‌ನ ನೆಟ್‌ವರ್ಕ್ ಚಿಹ್ನೆಯ ಮೂಲಕ ‘ನೆಟ್‌ವರ್ಕ್ ಕನೆಕ್ಷನ್ಸ್’ ಅಥವಾ ‘ಎಡಿಟ್ ಕನೆಕ್ಷನ್ಸ್’ ತೆರೆಯಿರಿ. ಜಾಲದ ಹೆಸರಿನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ‘ಜನರಲ್’ ಪುಟ ಸಿಗುತ್ತದೆ. ಅಲ್ಲಿ ‘ಕನೆಕ್ಟ್ ಆಟೊಮ್ಯಾಟಿಕಲಿ ವಿತ್ ಪ್ರಯಾರಿಟಿ’ ಮತ್ತು ‘ಆಲ್ ಯೂಸರ್ಸ್ ಮೇ ಕನೆಕ್ಟ್ ಟು ದಿಸ್ ನೆಟ್‌ವರ್ಕ್’ ಎಂಬ ಎರಡಕ್ಕೂ ಟಿಕ್ ಹಾಕಿ. ಕೆಡಿಇ ಪ್ಲಾಸ್ಮಾದಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್‌ನ ವೈಫೈ ಸಂಪರ್ಕಗಳ ಭಾಗದಲ್ಲಿ ಹೆಚ್ಚು ಕಡಿಮೆ ಇವೇ ಹೆಸರಿನ ಆಯ್ಕೆಗಳಿವೆ.

ಮೊದಲ ಟಿಕ್‌ನ ಅರ್ಥ ಎಲ್ಲರಿಗೂ ಗೊತ್ತಾಗುತ್ತದೆ. ಎರಡನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಆದರೆ ಮುಖ್ಯವಾದದ್ದು ಅದೇ. ಅದು ಇಲ್ಲದಿದ್ದರೆ ಸಂಪರ್ಕ ಒಬ್ಬ ಬಳಕೆದಾರನ ಖಾಸಗಿ ಸ್ವತ್ತು. ಆತ ಲಾಗಿನ್ ಆಗುವವರೆಗೆ ನೆಟ್‌ವರ್ಕ್‌ಮ್ಯಾನೇಜರ್ ಆ ಜಾಲವನ್ನು ಮುಟ್ಟುವಂತಿಲ್ಲ. ಆ ಟಿಕ್ ಹಾಕಿದರೆ ಸಂಪರ್ಕ ಇಡೀ ಕಂಪ್ಯೂಟರ್‌ನದಾಗುತ್ತದೆ. ಅಣ್ಣ, ತಂಗಿ, ಅಪ್ಪ ಮೂವರಿಗೂ ಬೇರೆ ಬೇರೆ ಲಾಗಿನ್ ಇರುವ ಮನೆಯಲ್ಲಿ, ಲಾಗಿನ್ ಇಲ್ಲದೆಯೇ ಹಿನ್ನೆಲೆಯಲ್ಲಿ ಕೆಲಸ ಮಾಡಬೇಕಾದ ಅಂಗಡಿಯ ಬಿಲ್ಲಿಂಗ್ ಯಂತ್ರದಲ್ಲಿ, ದೂರದಿಂದ ನಿರ್ವಹಿಸುವ ಶಾಲೆಯ ಕಂಪ್ಯೂಟರ್‌ನಲ್ಲಿ ಇದು ಬೇಕೇ ಬೇಕು.

ಕಿಟಕಿಗಳನ್ನು ತೆರೆಯುವುದಕ್ಕಿಂತ ಟರ್ಮಿನಲ್ ಸಲೀಸು ಎನ್ನುವವರಿಗೆ ‘ಎನ್‌ಎಂಟಿಯುಐ’ ಎಂಬ ಒಂದೇ ಪದದ ಆದೇಶ ಸಾಕು. ಸರಳ ಮೆನು ತೆರೆದುಕೊಳ್ಳುತ್ತದೆ. ಬಾಣದ ಕೀಲಿಗಳಿಂದ ಓಡಾಡಿ, ಸ್ಪೇಸ್ ಒತ್ತಿ ಇದೇ ಎರಡು ಗುರುತು ಹಾಕಬಹುದು.

ಪಾಸ್‌ವರ್ಡ್ ಎಲ್ಲಿ ಕುಳಿತಿದೆ?

ಎರಡೂ ಟಿಕ್ ಹಾಕಿದ ಮೇಲೂ ಪ್ರತಿಸಲ ಪಾಸ್‌ವರ್ಡ್ ಕೇಳುವ ಕಂಪ್ಯೂಟರ್‌ಗಳಿವೆ. ಇಲ್ಲಿ ಎರಡನೆಯ ಪ್ರಶ್ನೆ ಎದುರಾಗುತ್ತದೆ.

ವೈಫೈ ಪಾಸ್‌ವರ್ಡನ್ನು ಇಡಲು ಎರಡು ಜಾಗಗಳಿವೆ. ಒಂದು, ಮೇಲೆ ಹೇಳಿದ ಸಂಪರ್ಕದ ಕಡತ. ಇನ್ನೊಂದು, ಬಳಕೆದಾರನ ಖಾಸಗಿ ಪೆಟ್ಟಿಗೆ. ಗ್ನೋಮ್‌ನಲ್ಲಿ ಇದಕ್ಕೆ ಕೀರಿಂಗ್ ಎನ್ನುತ್ತಾರೆ, ಕೆಡಿಇಯಲ್ಲಿ ಕೆವಾಲೆಟ್. ಈ ಪೆಟ್ಟಿಗೆಗೆ ಬೀಗವಿದೆ, ನೀವು ಲಾಗಿನ್ ಪಾಸ್‌ವರ್ಡ್ ಟೈಪ್ ಮಾಡಿದಾಗ ಮಾತ್ರ ಅದು ತೆರೆದುಕೊಳ್ಳುತ್ತದೆ. ಬೀರುವಿನ ಕೀಲಿಕೈಯನ್ನು ಬೀರುವಿನೊಳಗೇ ಇಟ್ಟು ಬಾಗಿಲೆಳೆದುಕೊಂಡ ಹಾಗೆ, ಲಾಗಿನ್‌ಗೆ ಮೊದಲೇ ಬೇಕಾದ ವೈಫೈ ಪಾಸ್‌ವರ್ಡ್ ಲಾಗಿನ್ ನಂತರವಷ್ಟೇ ತೆರೆಯುವ ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡಿರುತ್ತದೆ.

ಪಾಸ್‌ವರ್ಡ್ ಕೇಳದೆ ನೇರವಾಗಿ ಡೆಸ್ಕ್‌ಟಾಪ್‌ಗೆ ಬರುವ ಆಟೊಲಾಗಿನ್ ಇಟ್ಟುಕೊಂಡವರಿಗೆ ಈ ತೊಂದರೆ ಇನ್ನೂ ಜಾಸ್ತಿ. ಟೈಪ್ ಮಾಡಿದ ಪಾಸ್‌ವರ್ಡೇ ಇಲ್ಲದ್ದರಿಂದ ಪೆಟ್ಟಿಗೆ ತೆರೆಯುವುದಿಲ್ಲ. ಅದಕ್ಕೇ ‘ಅನ್‌ಲಾಕ್ ಕೀರಿಂಗ್’ ಎಂಬ ಕಿಟಕಿ ಪ್ರತಿಸಲ ಎದ್ದು ನಿಲ್ಲುತ್ತದೆ. ಕೀರಿಂಗ್‌ನ ಪಾಸ್‌ವರ್ಡನ್ನೇ ಖಾಲಿ ಬಿಡಿ ಎಂದು ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಪೆಟ್ಟಿಗೆಯಲ್ಲಿ ಬ್ರೌಸರ್, ಇಮೇಲ್‌ಗಳ ಗುಟ್ಟುಗಳೂ ಇರುತ್ತವೆ. ಒಂದು ವೈಫೈಗಾಗಿ ಅಷ್ಟನ್ನೂ ಬಯಲಿಗಿಡುವುದು ತಕ್ಕ ಬೆಲೆಯಲ್ಲ.

ಸರಿಯಾದ ದಾರಿ ವೈಫೈ ಪಾಸ್‌ವರ್ಡ್ ಒಂದನ್ನು ಮಾತ್ರ ಸಂಪರ್ಕದ ಕಡತಕ್ಕೆ ವರ್ಗಾಯಿಸುವುದು. ‘ನೆಟ್‌ವರ್ಕ್ ಕನೆಕ್ಷನ್ಸ್’ ಕಿಟಕಿಯಲ್ಲಿ ನಿಮ್ಮ ಜಾಲವನ್ನು ತೆರೆದು ‘ವೈಫೈ ಸೆಕ್ಯುರಿಟಿ’ ಪುಟಕ್ಕೆ ಹೋಗಿ. ಪಾಸ್‌ವರ್ಡ್ ಪೆಟ್ಟಿಗೆಯ ಬಲತುದಿಯಲ್ಲಿ ಚಿಕ್ಕ ಚಿಹ್ನೆಯೊಂದಿದೆ. ಅದನ್ನು ಒತ್ತಿದರೆ, ಈ ಬಳಕೆದಾರನಿಗೆ ಮಾತ್ರ ಉಳಿಸು, ಎಲ್ಲ ಬಳಕೆದಾರರಿಗೆ ಉಳಿಸು, ಪ್ರತಿಸಲ ಕೇಳು ಎಂಬ ಅರ್ಥದ ಆಯ್ಕೆಗಳು ಬರುತ್ತವೆ. ಎರಡನೆಯದನ್ನು, ಅಂದರೆ ‘ಸ್ಟೋರ್ ದ ಪಾಸ್‌ವರ್ಡ್ ಫಾರ್ ಆಲ್ ಯೂಸರ್ಸ್’ ಎಂಬುದನ್ನು ಆರಿಸಿ, ಪಾಸ್‌ವರ್ಡನ್ನು ಮತ್ತೊಮ್ಮೆ ಟೈಪ್ ಮಾಡಿ ಉಳಿಸಿ. ಕೆಡಿಇಯಲ್ಲೂ ಪಾಸ್‌ವರ್ಡ್ ಪೆಟ್ಟಿಗೆಯ ಪಕ್ಕದಲ್ಲಿ ಇದೇ ಆಯ್ಕೆ ಇದೆ.

ಹೊಸದಾಗಿ ಸೇರುವವರಿಗೆ ಇನ್ನೂ ಚಿಕ್ಕ ದಾರಿಯಿದೆ. ಟರ್ಮಿನಲ್‌ನಲ್ಲಿ ‘ಸುಡೊ ಎನ್‌ಎಂಸಿಎಲ್‌ಐ --ಆಸ್ಕ್ ಡಿವೈಸ್ ವೈಫೈ ಕನೆಕ್ಟ್ ಮನೆ’ ಎಂದು ಕೊಡಿ. ಪಾಸ್‌ವರ್ಡ್ ಕೇಳುತ್ತದೆ, ಕೊಟ್ಟರೆ ಆಯಿತು. ಹೀಗೆ ಮಾಡಿದ ಸಂಪರ್ಕ ಮೊದಲಿನಿಂದಲೇ ಎಲ್ಲರದ್ದು, ಪಾಸ್‌ವರ್ಡ್ ಕಡತದಲ್ಲೇ ಇರುತ್ತದೆ, ತಾನಾಗಿ ಸೇರುವ ಗುರುತೂ ಬಿದ್ದಿರುತ್ತದೆ.

ಕಡತದಲ್ಲಿ ಪಾಸ್‌ವರ್ಡ್ ಇರುವುದು ಸುರಕ್ಷಿತವೇ ಎಂಬ ಪ್ರಶ್ನೆ ಸಹಜ. ಅದು ಓದಬಹುದಾದ ಅಕ್ಷರಗಳಲ್ಲೇ ಇರುತ್ತದೆ, ಆದರೆ ಆ ಕಡತವನ್ನು ತೆರೆಯುವ ಅಧಿಕಾರ ಕಂಪ್ಯೂಟರ್‌ನ ಆಡಳಿತಾಧಿಕಾರಿಗೆ ಮಾತ್ರ. ಮನೆಯ ಡೆಸ್ಕ್‌ಟಾಪ್‌ಗೆ ಇಷ್ಟು ಸಾಕು. ಕಳವಾಗಬಹುದಾದ ಲ್ಯಾಪ್‌ಟಾಪ್ ಆದರೆ ಲಿನಕ್ಸ್ ಹಾಕುವಾಗಲೇ ಇಡೀ ಡಿಸ್ಕನ್ನು ಗೂಢಲಿಪೀಕರಿಸುವ ಆಯ್ಕೆಯನ್ನು ಆರಿಸಿಕೊಳ್ಳಿ.

ಎರಡು ಮೂರು ಜಾಲಗಳಿದ್ದಾಗ

ಮನೆಯಲ್ಲಿ ಫೈಬರ್ ಇದೆ, ಅದು ಕೈಕೊಟ್ಟಾಗ ಮೊಬೈಲ್ ಹಾಟ್‌ಸ್ಪಾಟ್ ಇದೆ. ಎರಡೂ ಒಟ್ಟಿಗೆ ಕಂಡರೆ ಕಂಪ್ಯೂಟರ್ ಯಾವುದನ್ನು ಹಿಡಿಯಬೇಕು? ಪ್ರತಿ ಸಂಪರ್ಕಕ್ಕೂ ಆದ್ಯತೆಯ ಒಂದು ಸಂಖ್ಯೆ ಇದೆ. ಅದು -999ರಿಂದ 999ರವರೆಗೆ ಇರಬಹುದು, ನಾವು ಹೇಳದಿದ್ದರೆ 0. ದೊಡ್ಡ ಸಂಖ್ಯೆಗೆ ಮೊದಲ ಮಣೆ. ಸಂಖ್ಯೆ ಸಮನಾಗಿದ್ದರೆ ಇತ್ತೀಚೆಗೆ ಬಳಸಿದ ಜಾಲವೇ ಗೆಲ್ಲುತ್ತದೆ. ಫೈಬರ್‌ಗೆ 10, ಹಾಟ್‌ಸ್ಪಾಟ್‌ಗೆ 5 ಎಂದು ‘ಜನರಲ್’ ಪುಟದ ಪ್ರಯಾರಿಟಿ ಪೆಟ್ಟಿಗೆಯಲ್ಲಿ ಬರೆಯಿರಿ. ಗ್ನೋಮ್ ಸೆಟ್ಟಿಂಗ್ಸ್‌ನಲ್ಲಿ ಈ ಪೆಟ್ಟಿಗೆ ಇಲ್ಲ. ಅಲ್ಲಿ ‘ಎನ್‌ಎಂಸಿಎಲ್‌ಐ ಕನೆಕ್ಷನ್ ಮಾಡಿಫೈ ಮನೆ ಕನೆಕ್ಷನ್.ಆಟೊಕನೆಕ್ಟ್-ಪ್ರಯಾರಿಟಿ 10’ ಎಂಬ ಆದೇಶ ಕೊಡಬೇಕು.

ಈ ಸಂಖ್ಯೆ ಕೆಲಸಕ್ಕೆ ಬರುವುದು ಹೊಸದಾಗಿ ಸೇರುವ ಹೊತ್ತಿನಲ್ಲಿ ಮಾತ್ರ ಎಂಬುದು ನೆನಪಿರಲಿ. ಹಾಟ್‌ಸ್ಪಾಟ್‌ನಲ್ಲಿ ಇರುವಾಗ ಫೈಬರ್ ಮರಳಿದರೆ ಕಂಪ್ಯೂಟರ್ ತಾನಾಗಿ ಅದಕ್ಕೆ ಜಿಗಿಯುವುದಿಲ್ಲ. ಫೋನಿನ ಹಾಟ್‌ಸ್ಪಾಟ್ ಆಫ್ ಮಾಡಿ, ಆಗ ಕಂಪ್ಯೂಟರ್ ಫೈಬರ್‌ಗೆ ಮರಳುತ್ತದೆ. ಹಾಟ್‌ಸ್ಪಾಟ್ ಸಂಪರ್ಕಕ್ಕೆ ‘ಮೀಟರ್ಡ್ ಕನೆಕ್ಷನ್’ ಎಂಬ ಗುರುತನ್ನೂ ಹಾಕಿಡಿ. ದಿನದ ಡೇಟಾವನ್ನೆಲ್ಲ ನುಂಗಬಲ್ಲ ಹಿನ್ನೆಲೆಯ ಅಪ್‌ಡೇಟ್‌ಗಳು ಆಗ ತಡೆಯಲ್ಪಡುತ್ತವೆ.

ಕರೆಂಟು ಹೋಗಿ ಬಂದಾಗ

ಕಂಪ್ಯೂಟರ್ ಯುಪಿಎಸ್ ಮೇಲಿದ್ದು ರೂಟರ್ ಮಾತ್ರ ಆರಿಹೋಗುವ ಮನೆಗಳು ನಮ್ಮಲ್ಲಿ ಬಹಳ. ಕರೆಂಟು ಬಂದ ಮೇಲೆ ರೂಟರ್‌ನ ವೈಫೈ ಹೆಸರು ಬೇಗ ಕಾಣಿಸಿಕೊಳ್ಳಬಹುದು, ಆದರೆ ಐಪಿ ವಿಳಾಸ ಹಂಚಲು ಅದು ಇನ್ನೂ ಸಿದ್ಧವಾಗಿರುವುದಿಲ್ಲ. ಕಂಪ್ಯೂಟರ್ ಆತುರದಿಂದ ಸೇರಲು ಹೋಗಿ ಸೋಲುತ್ತದೆ. ನೆಟ್‌ವರ್ಕ್‌ಮ್ಯಾನೇಜರ್‌ನ ಮೂಲ ನಿಯಮದಂತೆ ಹೀಗೆ 4 ಬಾರಿ ಸೋತರೆ ಆ ಸಂಪರ್ಕವನ್ನು ಕೆಲ ಹೊತ್ತು ಬದಿಗಿಟ್ಟು, ಆಮೇಲೆ ಮತ್ತೆ ಯತ್ನಿಸುತ್ತದೆ. ನಮಗೆ ಅದು ಕೆಟ್ಟು ನಿಂತಂತೆ ಕಾಣುತ್ತದೆ.

ಎಷ್ಟು ಬಾರಿಯಾದರೂ ಸೋಲು ಒಪ್ಪದೆ ಯತ್ನಿಸುತ್ತಿರು ಎಂದು ಹೇಳಲು ಒಂದು ಆದೇಶವಿದೆ: ‘ಎನ್‌ಎಂಸಿಎಲ್‌ಐ ಕನೆಕ್ಷನ್ ಮಾಡಿಫೈ ಮನೆ ಕನೆಕ್ಷನ್.ಆಟೊಕನೆಕ್ಟ್-ರಿಟ್ರೈಸ್ 0’. ಇಲ್ಲಿ ಸೊನ್ನೆ ಎಂದರೆ ಮಿತಿಯಿಲ್ಲ ಎಂದರ್ಥ. ಅಂಗಡಿ, ಗ್ರಂಥಾಲಯ, ಸಿಸಿಟಿವಿ ಯಂತ್ರದಂಥ ಕಡೆ, ಯಾರೂ ಬಂದು ಒತ್ತುವವರಿಲ್ಲದಿದ್ದಾಗ ಈ ಒಂದು ಸಾಲು ದೊಡ್ಡ ಉಪಕಾರ ಮಾಡುತ್ತದೆ.

ಇದಕ್ಕೆ ಹತ್ತಿರದ ಇನ್ನೊಂದು ಸಂಗತಿ. ನೀವೇ ‘ಡಿಸ್‌ಕನೆಕ್ಟ್’ ಒತ್ತಿದ್ದರೆ ಕಂಪ್ಯೂಟರ್ ಅದನ್ನು ನಿಮ್ಮ ಅಪ್ಪಣೆಯೆಂದೇ ತಿಳಿಯುತ್ತದೆ. ಮತ್ತೆ ನೀವೇ ಸೇರಿಸುವವರೆಗೆ ಅಥವಾ ಕಂಪ್ಯೂಟರನ್ನು ಮರು ಆರಂಭಿಸುವವರೆಗೆ ತಾನಾಗಿ ಸೇರುವುದಿಲ್ಲ. ಇದು ದೋಷವಲ್ಲ.

ಸೇರಿದ ಮೇಲೆ ಕಡಿದುಹೋಗುತ್ತಿದ್ದರೆ

ತಾನಾಗಿ ಸೇರಿಕೊಂಡರೂ ಆಗಾಗ ಕಡಿದುಹೋಗುವುದಕ್ಕೆ, ನಿದ್ದೆಯಿಂದ ಎದ್ದ ಮೇಲೆ ನೆಟ್ ತಡವಾಗುವುದಕ್ಕೆ ವೈಫೈ ಕಾರ್ಡ್‌ನ ವಿದ್ಯುತ್ ಉಳಿತಾಯವೂ ಕಾರಣವಿರಬಹುದು. ಲ್ಯಾಪ್‌ಟಾಪ್‌ನ ಬ್ಯಾಟರಿಗೆ ಅದು ಒಳ್ಳೆಯದು, ಸದಾ ಪ್ಲಗ್‌ನಲ್ಲಿರುವ ಡೆಸ್ಕ್‌ಟಾಪ್‌ಗೆ ಅದರ ಅಗತ್ಯವಿಲ್ಲ. ‘ಎನ್‌ಎಂಸಿಎಲ್‌ಐ ಕನೆಕ್ಷನ್ ಮಾಡಿಫೈ ಮನೆ ವೈಫೈ.ಪವರ್‌ಸೇವ್ 2’ ಎಂದು ಕೊಟ್ಟು, ಸಂಪರ್ಕ ಕಡಿದು ಮತ್ತೆ ಸೇರಿಸಿ. 2 ಎಂದರೆ ಉಳಿತಾಯ ಬೇಡ, 3 ಎಂದರೆ ಬೇಕು.

ರೂಟರ್‌ನ ಕಡೆಯೂ ಒಮ್ಮೆ ನೋಡಿ. 2.4 ಗಿಗಾಹರ್ಟ್ಸ್ ಅಲೆಗಳು ಗೋಡೆ ದಾಟಿ ದೂರ ಹೋಗುತ್ತವೆ, ವೇಗ ಕಡಿಮೆ. 5 ಗಿಗಾಹರ್ಟ್ಸ್ ವೇಗವಾಗಿದೆ, ಹರವು ಚಿಕ್ಕದು. ಎರಡಕ್ಕೂ ಒಂದೇ ಹೆಸರಿದ್ದು ದೂರದ ಕೋಣೆಯ ಕಂಪ್ಯೂಟರ್ ಎರಡರ ನಡುವೆ ಓಲಾಡುತ್ತಿದ್ದರೆ, ‘ನೆಟ್‌ವರ್ಕ್ ಕನೆಕ್ಷನ್ಸ್’ ಕಿಟಕಿಯ ವೈಫೈ ಪುಟದಲ್ಲಿ ‘ಬ್ಯಾಂಡ್’ ಎಂಬಲ್ಲಿ 2.4 ಗಿಗಾಹರ್ಟ್ಸನ್ನೇ ಆರಿಸಿ. ಮೊಬೈಲ್‌ಗೆ ಕಾಣುವ ವೈಫೈ ಕಂಪ್ಯೂಟರ್‌ಗೆ ಮಾತ್ರ ಕಾಣದಿದ್ದರೆ ರೂಟರ್ 12 ಅಥವಾ 13ನೆಯ ಚಾನೆಲ್‌ನಲ್ಲಿದೆಯೇ ನೋಡಿ. ಭಾರತದಲ್ಲಿ ಆ ಚಾನೆಲ್‌ಗಳಿಗೆ ಅನುಮತಿಯಿದೆ, ಆದರೆ ಅಮೆರಿಕದ ನಿಯಮಕ್ಕೆ ಹೊಂದಿಸಿದ ಕಾರ್ಡುಗಳು ಅವನ್ನು ನೋಡುವುದೇ ಇಲ್ಲ. ರೂಟರನ್ನು 1, 6 ಅಥವಾ 11ಕ್ಕೆ ಬದಲಿಸಿದರೆ ಸಮಸ್ಯೆ ಮುಗಿಯಿತು. ಹಾಗೆಯೇ ಹಳೆಯ ಕಾರ್ಡುಗಳಿಗೆ ಡಬ್ಲ್ಯೂಪಿಎ3 ಭದ್ರತೆ ಬರುವುದಿಲ್ಲ. ರೂಟರ್‌ನಲ್ಲಿ ಡಬ್ಲ್ಯೂಪಿಎ2 ಮತ್ತು 3 ಎರಡೂ ಸೇರಿದ ಆಯ್ಕೆ ಇಡಿ.

ಡಾಂಗಲ್ ಬದಲಿಸಿದ ಮೇಲೆ ಹಳೆಯ ಸಂಪರ್ಕ ಕೆಲಸ ಮಾಡದಿದ್ದರೆ ಅದೇ ವೈಫೈ ಪುಟದ ‘ಡಿವೈಸ್’ ಪೆಟ್ಟಿಗೆ ನೋಡಿ. ಅಲ್ಲಿ ಹಳೆಯ ಡಾಂಗಲ್‌ನ ಹೆಸರು ಇದ್ದರೆ ಅಳಿಸಿ ಖಾಲಿ ಬಿಡಿ.

ಪಿಜಿ, ಹಾಸ್ಟೆಲ್, ಕಾಲೇಜುಗಳಲ್ಲಿ

ಕೆಲವು ಪಿಜಿ, ಹಾಸ್ಟೆಲ್‌ಗಳಲ್ಲಿ ನೋಂದಾಯಿಸಿದ ಸಾಧನಗಳಿಗೆ ಮಾತ್ರ ವೈಫೈ ಸಿಗುತ್ತದೆ. ಗುರುತಿಗಾಗಿ ಅವರು ಬಳಸುವುದು ಕಾರ್ಡ್‌ನ ಮ್ಯಾಕ್ ವಿಳಾಸವನ್ನು. ಖಾಸಗಿತನಕ್ಕಾಗಿ ಲಿನಕ್ಸ್ ಕೆಲವೊಮ್ಮೆ ಬೇರೆ ಮ್ಯಾಕ್ ವಿಳಾಸ ತೋರಿಸುತ್ತದೆ. 2024ರ ಫೆಡೋರಾ 40ರಿಂದ ಪ್ರತಿ ಜಾಲಕ್ಕೂ ಒಂದೊಂದು ವಿಳಾಸ ಬಳಸುವುದೇ ಮೂಲ ಹೊಂದಿಕೆ. ನೋಂದಣಿ ಬೇಕಾದ ಕಡೆ ಸಂಪರ್ಕದ ‘ಐಡೆಂಟಿಟಿ’ ಪುಟದಲ್ಲಿ ‘ಕ್ಲೋನ್ಡ್ ಅಡ್ರೆಸ್’ ಎಂಬುದನ್ನು ‘ಪರ್ಮನೆಂಟ್’ ಎಂದು ಬದಲಿಸಿ.

ಸಂಶೋಧನೆ ಮತ್ತು ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಎಜುರೋಮ್ ಎಂಬ ಜಾಲ ಇರುತ್ತದೆ. ಭಾರತದಲ್ಲಿ ಇದನ್ನು ಅರ್ನೆಟ್ ಇಂಡಿಯಾ ನಡೆಸುತ್ತದೆ. ಇಲ್ಲಿ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಅಲ್ಲ, ನಿಮ್ಮದೇ ಬಳಕೆದಾರ ಹೆಸರು, ಪಾಸ್‌ವರ್ಡ್ ಕೊಡಬೇಕು. ಸಂಸ್ಥೆ ಕೊಡುವ ಪ್ರಮಾಣಪತ್ರದ ಕಡತವನ್ನು ಸೇರಿಸದೆ ‘ನೋ ಸಿಎ ಸರ್ಟಿಫಿಕೇಟ್ ಈಸ್ ರಿಕ್ವೈರ್ಡ್’ ಎಂಬುದಕ್ಕೆ ಟಿಕ್ ಹಾಕುವುದು ಅಪಾಯಕರ. ಅದೇ ಹೆಸರಿನ ನಕಲಿ ಜಾಲವನ್ನು ಯಾರಾದರೂ ಇಟ್ಟರೆ ನಿಮ್ಮ ಕಂಪ್ಯೂಟರ್ ತಾನಾಗಿ ಹೋಗಿ ನಿಮ್ಮ ಗುರುತನ್ನು ಅಲ್ಲಿ ಒಪ್ಪಿಸಿಬಿಡಬಹುದು. ಇಂಥ ಸಂಪರ್ಕದ ಪಾಸ್‌ವರ್ಡ್ ಮಾತ್ರ ನಿಮ್ಮ ಕೀರಿಂಗ್‌ನಲ್ಲೇ ಇರಲಿ, ಎಲ್ಲ ಬಳಕೆದಾರರಿಗೂ ಕೊಡಬೇಡಿ.

ತಾನಾಗಿ ಸೇರಬಾರದ ಕಡೆ

ರೈಲು ನಿಲ್ದಾಣ, ಹೋಟೆಲು, ವಿಮಾನ ನಿಲ್ದಾಣದ ತೆರೆದ ವೈಫೈಗೆ ಒಮ್ಮೆ ಸೇರಿದರೆ ಅದರ ಪ್ರೊಫೈಲೂ ಉಳಿದುಕೊಳ್ಳುತ್ತದೆ, ಮುಂದಿನ ಸಲ ಕಂಪ್ಯೂಟರ್ ತಾನಾಗಿಯೇ ಸೇರುತ್ತದೆ. ಅದು ಗುರುತಿಸುವುದು ಹೆಸರನ್ನು ಮಾತ್ರ. ಅದೇ ಹೆಸರಿಟ್ಟ ಬೇರೆಯವರ ಜಾಲವನ್ನೂ ನಂಬಿಬಿಡುತ್ತದೆ. ಆದ್ದರಿಂದ ಪಾಸ್‌ವರ್ಡ್ ಇಲ್ಲದ ಜಾಲಗಳಿಗೆ ‘ಕನೆಕ್ಟ್ ಆಟೊಮ್ಯಾಟಿಕಲಿ’ ಟಿಕ್ ತೆಗೆಯಿರಿ. ಕೆಲಸ ಮುಗಿದ ಮೇಲೆ ‘ಫರ್ಗೆಟ್’ ಒತ್ತಿ ಅಳಿಸಿಬಿಡುವುದು ಇನ್ನೂ ಒಳ್ಳೆಯದು.

ಮನೆಯ ವೈಫೈ ಹೆಸರನ್ನು ಮರೆಮಾಡಿದರೆ ಭದ್ರ ಎಂಬ ನಂಬಿಕೆಯೂ ಹಲವರಲ್ಲಿದೆ. ಮರೆಮಾಡಿದ ಜಾಲವನ್ನು ಹುಡುಕಲು ಕಂಪ್ಯೂಟರ್ ತಾನು ಹೋದಲ್ಲೆಲ್ಲ ಅದರ ಹೆಸರು ಹೇಳಿ ಕೂಗಬೇಕಾಗುತ್ತದೆ. ಗುಟ್ಟು ಉಳಿಯುವುದಿಲ್ಲ, ತಾನಾಗಿ ಸೇರುವುದೂ ತಡವಾಗುತ್ತದೆ. ಹೆಸರು ಕಾಣಲಿ, ಪಾಸ್‌ವರ್ಡ್ ಉದ್ದವಾಗಿರಲಿ.

ಹಳೆಯ ಸಲಹೆಗಳ ಬಗ್ಗೆ ಎಚ್ಚರ

ಇಂಟರ್‌ನೆಟ್‌ನಲ್ಲಿ ಸಿಗುವ ಎಷ್ಟೋ ಸಲಹೆಗಳು ಹಳೆಯ ಕಾಲದವು. ಇಂಟರ್‌ಫೇಸಸ್ ಎಂಬ ಕಡತದಲ್ಲಿ ವೈಫೈ ವಿವರ ಬರೆಯಿರಿ ಎಂಬುದು ಅವುಗಳಲ್ಲಿ ಒಂದು. ಡೆಬಿಯನ್‌ನಲ್ಲಿ ಹಾಗೆ ಬರೆದರೆ ನೆಟ್‌ವರ್ಕ್‌ಮ್ಯಾನೇಜರ್ ಆ ಕಾರ್ಡನ್ನು ಬೇರೆಯವರ ಸುಪರ್ದಿಯಲ್ಲಿದೆ ಎಂದು ಬಿಟ್ಟುಬಿಡುತ್ತದೆ, ಪಟ್ಟಿಯಲ್ಲಿ ‘ಅನ್‌ಮ್ಯಾನೇಜ್ಡ್’ ಎಂದು ತೋರಿಸುತ್ತದೆ. ಆ ಕಡತದಿಂದ ವೈಫೈ ಸಾಲುಗಳನ್ನು ತೆಗೆದು ಮರು ಆರಂಭಿಸಿದರೆ ಸರಿಹೋಗುತ್ತದೆ. ರಾಸ್ಪ್‌ಬೆರಿ ಪೈ ಬಳಸುವ ವಿದ್ಯಾರ್ಥಿಗಳೂ ಗಮನಿಸಿ: 2023ರ ಅಕ್ಟೋಬರ್‌ನಲ್ಲಿ ಬಂದ ಬುಕ್‌ವರ್ಮ್ ಆವೃತ್ತಿಯಿಂದ ಅಲ್ಲೂ ನೆಟ್‌ವರ್ಕ್‌ಮ್ಯಾನೇಜರ್ ಬಂದಿದೆ. ಡಬ್ಲ್ಯೂಪಿಎ ಸಪ್ಲಿಕೆಂಟ್ ಕಡತವನ್ನು ತಿದ್ದುವ ಹಳೆಯ ಪಾಠ ಈಗ ನಡೆಯುವುದಿಲ್ಲ. ಒಂದು ಕಾರ್ಡಿಗೆ ಒಬ್ಬನೇ ಯಜಮಾನ ಇರಬೇಕು, ಎರಡು ವಿಧಾನಗಳನ್ನು ಬೆರೆಸಬೇಡಿ.

ಯಾವುದೂ ಫಲಿಸದಿದ್ದರೆ ಕಂಪ್ಯೂಟರ್ ಬರೆದಿಟ್ಟ ದಿನಚರಿ ಓದಿ. ‘ಜರ್ನಲ್‌ಸಿಟಿಎಲ್ -ಬಿ -ಯು ನೆಟ್‌ವರ್ಕ್‌ಮ್ಯಾನೇಜರ್’ ಎಂಬ ಆದೇಶ ಕೊಟ್ಟರೆ ಈ ಸಲ ಆನ್ ಆದಾಗಿನಿಂದ ನಡೆದದ್ದೆಲ್ಲ ಸಾಲು ಸಾಲಾಗಿ ಬರುತ್ತದೆ. ಇಲ್ಲಿ ನೆಟ್‌ವರ್ಕ್, ಮ್ಯಾನೇಜರ್ ಎರಡರ ಮೊದಲ ಅಕ್ಷರವೂ ದೊಡ್ಡಕ್ಷರ. ‘ನೋ-ಸೀಕ್ರೆಟ್ಸ್’ ಎಂದು ಕಂಡರೆ ಪಾಸ್‌ವರ್ಡ್ ಸಿಗುತ್ತಿಲ್ಲ ಎಂದರ್ಥ. ಡಿಎಚ್‌ಸಿಪಿ ವಿಫಲವಾಯಿತು ಎಂದಿದ್ದರೆ ರೂಟರ್ ವಿಳಾಸ ಕೊಡುತ್ತಿಲ್ಲ. ಫರ್ಮ್‌ವೇರ್ ಇಲ್ಲ ಎಂಬ ಸೂಚನೆಯಿದ್ದರೆ ತೊಂದರೆ ಡ್ರೈವರ್‌ನದು. ಬೇರೆಯವರ ಸಹಾಯ ಕೇಳುವಾಗಲೂ ಈ ಸಾಲುಗಳನ್ನು ಜೊತೆಗೆ ಕೊಟ್ಟರೆ ಉತ್ತರ ಬೇಗ ಸಿಗುತ್ತದೆ.

ಕೊನೆಯ ಪರೀಕ್ಷೆ

ಎಲ್ಲ ಹೊಂದಿಸಿದ ಮೇಲೆ ಡೆಸ್ಕ್‌ಟಾಪ್‌ನಲ್ಲಿ ವೈಫೈ ಚಿಹ್ನೆ ಕಂಡಿತೆಂದು ಅಲ್ಲಿಗೇ ಬಿಡಬೇಡಿ. ಕಂಪ್ಯೂಟರನ್ನು ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿ. ಲಾಗಿನ್ ಪರದೆ ಬಂದಾಗ ಏನನ್ನೂ ಟೈಪ್ ಮಾಡದೆ ಒಂದೆರಡು ನಿಮಿಷ ಬಿಡಿ. ಈಗ ಮೊಬೈಲ್‌ನಿಂದ ರೂಟರ್‌ನ ಪುಟ ತೆರೆದು, ಸಂಪರ್ಕದಲ್ಲಿರುವ ಸಾಧನಗಳ ಪಟ್ಟಿ ನೋಡಿ. ಅಲ್ಲಿ ನಿಮ್ಮ ಕಂಪ್ಯೂಟರ್‌ನ ಹೆಸರಿದ್ದರೆ ಸಂಪರ್ಕ ಇಡೀ ಯಂತ್ರದ್ದಾಗಿದೆ, ಪಾಸ್‌ವರ್ಡ್ ಸರಿಯಾದ ಜಾಗದಲ್ಲಿದೆ. ಇಲ್ಲದಿದ್ದು, ಲಾಗಿನ್ ಆದ ಕೂಡಲೇ ಕಾಣಿಸಿಕೊಂಡರೆ ಪಾಸ್‌ವರ್ಡ್ ಇನ್ನೂ ಕೀರಿಂಗ್‌ನಲ್ಲಿದೆ ಅಥವಾ ಸಂಪರ್ಕ ಇನ್ನೂ ಒಬ್ಬರ ಹೆಸರಿನಲ್ಲಿದೆ, ಪಾಸ್‌ವರ್ಡ್ ಉಳಿಸುವ ಆಯ್ಕೆಗೂ ಆ ಎರಡು ಟಿಕ್‌ಗಳಿಗೂ ಮರಳಿ.

ಆಮೇಲೆ ರೂಟರ್ ಅನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ, ಕಂಪ್ಯೂಟರ್ ಮತ್ತೆ ಪಟ್ಟಿಗೆ ಬರುತ್ತದೆಯೇ ನೋಡಿ. ಈ ಎರಡೂ ಪರೀಕ್ಷೆಯಲ್ಲಿ ಗೆದ್ದ ಕಂಪ್ಯೂಟರನ್ನು ಊರಿನಲ್ಲಿರುವ ಅಪ್ಪ ಅಮ್ಮನಿಗೆ ಕೊಟ್ಟು ಬರಬಹುದು, ಶಾಲೆಯ ಕೋಣೆಯಲ್ಲಿ ಇಟ್ಟು ಬರಬಹುದು. ವೈಫೈ ಬರುತ್ತಿಲ್ಲ ಎಂಬ ಫೋನ್ ಕರೆ ಬಂದರೂ, ಯಾವ ಹಂತದಲ್ಲಿ ನೋಡಬೇಕೆಂದು ನಿಮಗೆ ಗೊತ್ತಿರುತ್ತದೆ.